ಎಲ್‌ಇಡಿ ಸರದಿಂದ ಬೆಂಕಿ ಹತ್ತೀತೇ?

ಪ್ರಶ್ನೆ: ಕ್ರಿಸ್‌ಮಸ್‌ಗೆ ಹಾಕುವ ಎಲ್‌ಇಡಿ ಸರ ಎಳೆಯುವುದೇ ನಾಲ್ಕಾರು ವಾಟ್. ಅದರಿಂದ ಬೆಂಕಿ ಹತ್ತೀತೇ? (ನರಸಿಂಹರಾಜಪುರದ ಓದುಗರು)

ಉತ್ತರ: ಬಲ್ಬು ಪಾಪದ್ದು, ಕಳ್ಳ ಇರುವುದು ಜಾಯಿಂಟಿನಲ್ಲಿ. ಕೊಪ್ಪ, ಶೃಂಗೇರಿ ಕಡೆಯ ಮಳೆಗಾಲ ಅಟ್ಟದ ಮೇಲಿಟ್ಟ ಸರವನ್ನೂ ಬಿಡುವುದಿಲ್ಲ: ಪಿನ್ನಿಗೆ ಕಿಲುಬು, ವೈರಿಗೆ ಇಲಿ ಹಲ್ಲು. ಸಡಿಲ ಜಾಯಿಂಟಿನಲ್ಲಿ ಕಿಡಿ ಹಾರಿದರೆ ಗೋದಲಿಯ ಒಣಹುಲ್ಲು ಹೊತ್ತಿಕೊಳ್ಳಲು ಎಷ್ಟು ಹೊತ್ತು? ಎಂಸಿಬಿಗೆ ಅಂಥ ಕಾವು ಸಾಮಾನ್ಯವಾಗಿ ಗೊತ್ತೇ ಆಗದು. ಪ್ಲಗ್ ಕಪ್ಪಾಗಿದ್ದರೆ, ಬಿಸಿಯೇರುತ್ತಿದ್ದರೆ ಸರ ಎಸೆಯಿರಿ. ಟೇಪ್ ಸುತ್ತುವ ಜಾಣತನ ಬೇಡ. ಸರ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸಿಗೇ ಕೆಟಲ್ ಸಿಕ್ಕಿಸುವುದೂ ಬೇಡ. 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ ತಾಳುವುದು 1,380 ವಾಟ್. 1,500 ವಾಟಿನ ಕೆಟಲ್ ಒಂದೇ ಅದನ್ನು ಮೀರುತ್ತದೆ. ಹೊತ್ತಿಕೊಂಡರೆ ನೀರು ಎರಚಬೇಡಿ. ಮೇನ್ ಸ್ವಿಚ್ ಆರಿಸಿ, ಹೊರಬಂದು 112ಕ್ಕೆ ಕರೆ ಮಾಡಿ.