ಸಣ್ಣ ಛಾಯಾಚಿತ್ರದ ದೊಡ್ಡ ಮುದ್ರಣ: ದಾಖಲೆ ಕೆಡದಂತೆ ಹಿಗ್ಗಿಸುವ ಬಗೆ

ಗಡಿನಾಡಿನ ಕನ್ನಡದ ದಾಖಲೆಗಳು ಈಗ ಹೆಚ್ಚಾಗಿ ಮೊಬೈಲ್‌ನ ಛಾಯಾಚಿತ್ರಗಳಾಗಿ ಕೈಸೇರುತ್ತಿವೆ. ಕಾಸರಗೋಡಿನ ಕನ್ನಡ ಶಾಲೆಯೊಂದರ ಹಳೆಯ ಗುಂಪುಚಿತ್ರ, ಅಕ್ಕಲಕೋಟೆಯ ಕಡೆಯ ಮನೆಯೊಂದರ ಲೆಕ್ಕದ ಪುಸ್ತಕ, ರಾಯದುರ್ಗದ ಸೀಮೆಯಲ್ಲಿ ಹೊಲದ ಬದುವಿನ ಮೇಲೆ ನಿಂತಿರುವ ಶಾಸನದ ಕಲ್ಲು, ಇವೆಲ್ಲ ಕೈಯಿಂದ ಕೈಗೆ ದಾಟಿ ಬರುವಷ್ಟರಲ್ಲಿ ತೀರ ಸಣ್ಣ ಚಿತ್ರಗಳಾಗಿರುತ್ತವೆ. ಶತಮಾನೋತ್ಸವಕ್ಕೋ ವಿಚಾರಸಂಕಿರಣದ ಪ್ರದರ್ಶನಕ್ಕೋ ಅವುಗಳನ್ನು ಗೋಡೆಯಳತೆಗೆ ಹಿಗ್ಗಿಸಿದಾಗ ಮುಖಗಳು ಮಸುಕಾಗುತ್ತವೆ, ಅಕ್ಷರಗಳ ಅಂಚು ಮೆಟ್ಟಿಲುಗಳಂತೆ ಒಡೆಯುತ್ತದೆ. ಈ ಕೊರತೆಯನ್ನು ಎಷ್ಟರ ಮಟ್ಟಿಗೆ ನೀಗಿಸಬಹುದು, ಎಲ್ಲಿ ಕೈತಡೆಯಬೇಕು ಎಂಬುದನ್ನು ಸಂಗ್ರಾಹಕರು ತಿಳಿದಿರುವುದು ಅವಶ್ಯ.

ಡಿಜಿಟಲ್ ಚಿತ್ರವೆಂದರೆ ಪಿಕ್ಸೆಲ್‌ಗಳೆಂಬ ಬಣ್ಣದ ಚುಕ್ಕೆಗಳ ಸಾಲು. ಕೈಯಲ್ಲಿ ಹಿಡಿದು ನೋಡುವ ಒಳ್ಳೆಯ ಮುದ್ರಣಕ್ಕೆ ಒಂದು ಇಂಚಿಗೆ ಸುಮಾರು 300 ಪಿಕ್ಸೆಲ್‌ಗಳು ಬೇಕು. 4000 ಪಿಕ್ಸೆಲ್ ಅಗಲದ ಚಿತ್ರವನ್ನು ಈ ಲೆಕ್ಕದಲ್ಲಿ 13 ಇಂಚಿನವರೆಗೆ ಮುದ್ರಿಸಬಹುದು. ಅದೇ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಕಳುಹಿಸಿದರೆ ಅದರ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗಳಿಗೆ ಇಳಿಯುತ್ತದೆ; ಆಗ ಮುದ್ರಣದ ಅಗಲ ಐದೂಕಾಲು ಇಂಚು ಮಾತ್ರ. ಕಂಪ್ಯೂಟರಿನಲ್ಲಿ 72 ಎಂದಿರುವ ಸಂಖ್ಯೆಯನ್ನು 300 ಎಂದು ತಿದ್ದಿದ ಮಾತ್ರಕ್ಕೆ ಚಿತ್ರ ಸುಧಾರಿಸುವುದಿಲ್ಲ. ಪಿಕ್ಸೆಲ್‌ಗಳ ಒಟ್ಟು ಮೊತ್ತವೇ ಬಂಡವಾಳ.

ಈ ಬೇಡಿಕೆ ನೋಡುವ ದೂರವನ್ನು ಅವಲಂಬಿಸಿದೆ. ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗದಷ್ಟು ಕೋನಕ್ಕಿಂತ ಸೂಕ್ಷ್ಮವಾದ ವಿವರವನ್ನು ಸಾಮಾನ್ಯ ಕಣ್ಣು ಬೇರ್ಪಡಿಸಲಾರದು. ಆದುದರಿಂದ 300ನ್ನು ನೋಡುವ ದೂರದ ಅಡಿಗಳಿಂದ ಭಾಗಿಸಿದರೆ ಒಂದು ಇಂಚಿಗೆ ಬೇಕಾದ ಪಿಕ್ಸೆಲ್‌ಗಳ ಅಂದಾಜು ಸಿಗುತ್ತದೆ: ಮೂರು ಅಡಿಗೆ 100, ಆರು ಅಡಿಗೆ 50. 1600 ಪಿಕ್ಸೆಲ್ ಅಗಲದ ಚಿತ್ರವನ್ನು ಹದಿನಾರೂವರೆ ಇಂಚಿನ ಎ3 ಹಾಳೆಗೆ ಹಿಗ್ಗಿಸಿದರೆ ಇಂಚಿಗೆ 97 ಪಿಕ್ಸೆಲ್‌ಗಳು ಉಳಿಯುತ್ತವೆ. ಮೂರಡಿ ದೂರದಿಂದ ಅದು ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ಈ ಸೂತ್ರ ಭೂದೃಶ್ಯಕ್ಕೆ ಒಪ್ಪುವಷ್ಟು ಗುಂಪುಚಿತ್ರಕ್ಕೆ ಒಪ್ಪದು. ತಮ್ಮ ಅಜ್ಜನ ಮುಖವನ್ನು ಹುಡುಕಲು ಬಂದವರು ದೂರ ನಿಲ್ಲುವುದಿಲ್ಲ. ಇಪ್ಪತ್ತು ಮಂದಿ ಸಾಲಾಗಿ ನಿಂತಿರುವ ಆ ಚಿತ್ರದಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು 80 ಪಿಕ್ಸೆಲ್, ಮುಖಕ್ಕೆ ಅದರ ಅರ್ಧದಷ್ಟು.

ಆದ್ದರಿಂದ ಹಿಗ್ಗಿಸುವುದಕ್ಕೆ ಮುನ್ನ ಮಾಡಬೇಕಾದ ಮೊದಲ ಕೆಲಸ ಮೂಲವನ್ನು ಅರಸುವುದು. ಚಿತ್ರ ತೆಗೆದವರ ಮೊಬೈಲ್‌ನಲ್ಲಿ ಮೂಲ ಕಡತ ಇನ್ನೂ ಇರಬಹುದು. ಅದನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲು ಕೇಳಿಕೊಂಡರೆ ಪಿಕ್ಸೆಲ್‌ಗಳು ನಷ್ಟವಾಗುವುದಿಲ್ಲ. ಮನೆಯಲ್ಲಿ ಕಾಗದದ ಪ್ರತಿ ಇದ್ದರೆ ಅದನ್ನು ಇಂಚಿಗೆ 600ರಂತೆ ಸ್ಕ್ಯಾನ್ ಮಾಡಿಸಿ ಇಮ್ಮಡಿ ಅಳತೆಗೆ ನಿರಾತಂಕವಾಗಿ ಮುದ್ರಿಸಬಹುದು. ಶಾಸನವಾದರೆ ಮತ್ತೊಮ್ಮೆ ಹೋಗಿ, ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ, ಕಲ್ಲನ್ನು ಭಾಗಭಾಗವಾಗಿ ಚಿತ್ರೀಕರಿಸುವುದೇ ಲೇಸು.

ಮೂಲ ಸಿಗದೆ ಹೋದಾಗ ಹಿಗ್ಗಿಸುವುದು ಅನಿವಾರ್ಯ. ಬೈಕ್ಯೂಬಿಕ್ ಮೊದಲಾದ ಹಳೆಯ ವಿಧಾನಗಳು ನೆರೆಯ ಪಿಕ್ಸೆಲ್‌ಗಳ ಸರಾಸರಿಯಿಂದ ನಡುವಿನ ತೆರವನ್ನು ತುಂಬುತ್ತವೆ. ಅವುಗಳಿಂದ ಹೊಸ ವಿವರ ಹುಟ್ಟುವುದಿಲ್ಲ. ಮೆಟ್ಟಿಲುಗಳು ಮಾಯವಾಗಿ ಚಿತ್ರ ಮೃದುವಾಗುತ್ತದೆ, ಅಷ್ಟೆ. ಕಡತವನ್ನು ಜೆಪೆಗ್ ರೂಪದಲ್ಲಿ ಮತ್ತೆ ಮತ್ತೆ ಉಳಿಸುವುದರಿಂದ ಎಂಟೆಂಟು ಪಿಕ್ಸೆಲ್‌ಗಳ ಚೌಕಗಳು ಎದ್ದು ಕಾಣತೊಡಗುತ್ತವೆಯಾಗಿ, ತಿದ್ದುವ ಪ್ರತಿಯನ್ನು ಟಿಫ್ ರೂಪದಲ್ಲಿಡಬೇಕು. ಹೊಳಪಿನ ಕಾಗದಕ್ಕಿಂತ ಮ್ಯಾಟ್ ಕಾಗದ ಇಂಥ ಚಿತ್ರಗಳ ಕುಂದನ್ನು ಹೆಚ್ಚು ಮರೆಮಾಡುತ್ತದೆ. ಪೂರ್ತಿ ಮುದ್ರಿಸುವ ಮೊದಲು ಒಂದು ತುಣುಕನ್ನು ಅದೇ ಅಳತೆಯಲ್ಲಿ ಮುದ್ರಿಸಿ ನೋಡುವುದು ಒಳ್ಳೆಯದು.

ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸುವ ತಂತ್ರಾಂಶಗಳ ಸ್ವಭಾವ ಬೇರೆ. ಅವು ತಾವು ಕಲಿತ ಅಸಂಖ್ಯ ಚಿತ್ರಗಳ ಬಲದಿಂದ, ಇಲ್ಲದ ವಿವರವನ್ನು ಊಹಿಸಿ ಬರೆಯುತ್ತವೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಪಲ್ಸ್ ಎಂಬ ವಿಧಾನಕ್ಕೆ ಬರಾಕ್ ಒಬಾಮಾ ಅವರ ಮಸುಕು ಚಿತ್ರವನ್ನು ಕೊಟ್ಟಾಗ, ಅದು ಬಿಳಿಯನೊಬ್ಬನ ಸ್ಪಷ್ಟ ಮುಖವನ್ನು ಮರಳಿಸಿತು. ನಮ್ಮ ಶಾಲೆಯ ಗುಂಪುಚಿತ್ರಕ್ಕೂ ಇದೇ ಗತಿ ಒದಗಬಹುದು: ಮುಖ ಸ್ಪಷ್ಟವಾಗಿರುತ್ತದೆ, ಆದರೆ ಅದು ಅಜ್ಜನದಾಗಿರುವುದಿಲ್ಲ.

ಲಿಪಿಯ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಪಕಾರದ ಹೊಟ್ಟೆ ಸೀಳಿದರೆ ಷಕಾರ. ದಕಾರದ ಕೆಳಗೆ ಚಿಕ್ಕ ಸೀಳು ಬಿದ್ದರೆ ಧಕಾರ. ಸಣ್ಣ ಚಿತ್ರದಲ್ಲಿ ಆ ಸೀಳು ಒಂದೆರಡು ಪಿಕ್ಸೆಲ್‌ಗಳಷ್ಟೇ ಇರುತ್ತದೆ. ತಂತ್ರಾಂಶ ಅದನ್ನು ಕಲೆಯೆಂದು ಅಳಿಸಬಹುದು, ಕಲ್ಲಿನ ಬಿರುಕನ್ನು ಅಕ್ಷರದ ಗೆರೆಯಾಗಿ ತಿದ್ದಬಹುದು. ಬಳಕೆ ತಪ್ಪಿದ ಱ, ೞ ಅಕ್ಷರಗಳ ಜಾಗದಲ್ಲಿ ಪರಿಚಿತ ರೂಪವನ್ನು ಕೂರಿಸಬಹುದು. ಮಸುಕು ಅಕ್ಷರವನ್ನು ಓದುವವನು ಸಂದೇಹಪಡುತ್ತಾನೆ. ಸ್ಪಷ್ಟವಾದ ತಪ್ಪು ಅಕ್ಷರವನ್ನು ನಂಬಿಬಿಡುತ್ತಾನೆ.

ಆದಕಾರಣ ಶಾಸನ, ಹಸ್ತಪ್ರತಿ, ಕಾಗದಪತ್ರಗಳಿಗೆ ಈ ತಂತ್ರಾಂಶಗಳು ಸಲ್ಲವು. ಅಲಂಕಾರಕ್ಕಾಗಿ ಬೇರೆ ಚಿತ್ರಗಳಿಗೆ ಬಳಸಿದಾಗಲೂ ಹಾಗೆಂದು ಅಡಿಬರಹದಲ್ಲಿ ತಿಳಿಸಬೇಕು. ಮೂಲ ಕಡತವನ್ನು ಮುಟ್ಟದೆ ಪ್ರತ್ಯೇಕವಾಗಿ ಕಾಪಿಡಬೇಕು. ಪಿಕ್ಸೆಲ್‌ಗಳು ಸಾಲದಿದ್ದರೆ ಚಿತ್ರವನ್ನು ಸಣ್ಣದಾಗಿಯೇ ಮುದ್ರಿಸಿ, ಅಗಲವಾದ ಅಂಚು ಬಿಟ್ಟು, ಪಕ್ಕದಲ್ಲಿ ಹೆಸರು, ಊರು, ಪಾಠಗಳನ್ನು ದೊಡ್ಡ ಅಕ್ಷರಗಳಲ್ಲಿ ಕೊಡುವುದು ಪ್ರಾಮಾಣಿಕ ಮಾರ್ಗ. ರಾಜ್ಯದ ಗಡಿಯಾಚೆ ಕನ್ನಡದ ಇರವಿಗೆ ಅನೇಕ ಕಡೆ ಇಂಥ ಒಂದು ಕಲ್ಲು, ಒಂದು ಚಿತ್ರವೇ ಸಾಕ್ಷಿ. ಸಾಕ್ಷಿ ಮಸುಕಾಗಿದ್ದರೂ ನಡೆದೀತು, ಅದರ ಮಾತು ಬದಲಾಗಬಾರದು.