ವಿಟಮಿನ್ ಇ ಜಾಡು ಹಿಡಿಯುವ ಡ್ಯುಟೀರಿಯಂ

ವಿಟಮಿನ್ ಇ ದೇಹದೊಳಗೆ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ, ಕೊನೆಗೆ ಯಾವ ರೂಪದಲ್ಲಿ ಹೊರಬೀಳುತ್ತದೆ ಎಂಬುದನ್ನು ತಿಳಿಯಬೇಕಾದರೆ ಅದರ ಅಣುವಿಗೆ ಗುರುತು ಹಾಕಲೇಬೇಕು. ಶೇಂಗಾ, ಸೂರ್ಯಕಾಂತಿ ಎಣ್ಣೆ, ಬಾದಾಮಿ, ಸೊಪ್ಪು ಇವುಗಳಿಂದ ಈ ವಿಟಮಿನ್ ದಿನವೂ ರಕ್ತಕ್ಕೆ ಸೇರುತ್ತಿರುತ್ತದೆ. ಇಂದಿನ ಊಟದಿಂದ ಬಂದ ಅಣುವಿಗೂ ತಿಂಗಳುಗಳ ಹಿಂದೆ ಬಂದು ಕೊಬ್ಬಿನಲ್ಲಿ ಉಳಿದಿರುವ ಅಣುವಿಗೂ ಯಾವ ವ್ಯತ್ಯಾಸವೂ ಇಲ್ಲ. ಮೂತ್ರದಲ್ಲಿ ಸಿಗುವ ಅದರ ಅವಶೇಷಗಳನ್ನು ನೋಡಿಯೂ ಅವು ಯಾವ ದಿನದ ಆಹಾರದಿಂದ ಬಂದವು ಎಂದು ಹೇಳಲಾಗದು. ಈ ತೊಡಕನ್ನು ಬಿಡಿಸಿದ್ದು ಡ್ಯುಟೀರಿಯಂ. ವಿಟಮಿನ್ ಇ ಮತ್ತು ಅದು ದೇಹದಲ್ಲಿ ಒಡೆದಾಗ ಹುಟ್ಟುವ ಸಂಯುಕ್ತಗಳನ್ನು ಡ್ಯುಟೀರಿಯಂ ಗುರುತಿನೊಂದಿಗೆ ಪ್ರಯೋಗಾಲಯದಲ್ಲಿ ತಯಾರಿಸುವುದು ಪೋಷಣಾ ವಿಜ್ಞಾನಕ್ಕೆ ನೆರವಾಗಿರುವ ಸೂಕ್ಷ್ಮ ರಸಾಯನ ಕಾರ್ಯಗಳಲ್ಲೊಂದು.

ಗುರುತಿನ ಪರಮಾಣು

ಸಾಮಾನ್ಯ ಹೈಡ್ರೋಜನ್ ಪರಮಾಣುವಿನ ಬೀಜದಲ್ಲಿ ಒಂದು ಪ್ರೋಟಾನ್ ಮಾತ್ರ ಇರುತ್ತದೆ. ಡ್ಯುಟೀರಿಯಂನಲ್ಲಿ ಅದರ ಜೊತೆಗೆ ಒಂದು ನ್ಯೂಟ್ರಾನ್ ಕೂಡ ಇರುವುದರಿಂದ ತೂಕ ಸುಮಾರು ಎರಡು ಪಟ್ಟಾಗುತ್ತದೆ. ಅಮೆರಿಕದ ಹೆರಾಲ್ಡ್ ಯೂರಿ 1931ರಲ್ಲಿ ಇದನ್ನು ಪತ್ತೆಮಾಡಿ 1934ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ನಿಸರ್ಗದಲ್ಲಿ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದರಂತೆ ಡ್ಯುಟೀರಿಯಂ ಇದೆ. ನೀರಿನಿಂದ ಅದನ್ನು ಬೇರ್ಪಡಿಸಿ ಸಾಂದ್ರಗೊಳಿಸಿದಾಗ ಸಿಗುವುದೇ ಭಾರಜಲ. ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಕೇಂದ್ರದ ರಿಯಾಕ್ಟರುಗಳಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸುವುದೂ ಶಾಖವನ್ನು ಸಾಗಿಸುವುದೂ ಇದೇ ಭಾರಜಲ. ರಸಾಯನಶಾಲೆಗಳು ಬಳಸುವ ಡ್ಯುಟೀರಿಯಂಯುಕ್ತ ಸಾಮಗ್ರಿಗಳ ಮೂಲವೂ ಅದೇ.

ಡ್ಯುಟೀರಿಯಂ ವಿಕಿರಣ ಸೂಸುವುದಿಲ್ಲ. ಆದ್ದರಿಂದ ಅಲ್ಪ ಪ್ರಮಾಣದಲ್ಲಿ ಅದನ್ನು ಹೊತ್ತ ವಿಟಮಿನ್ನನ್ನು ಆರೋಗ್ಯವಂತ ಸ್ವಯಂಸೇವಕರಿಗೂ ಕೊಡಬಹುದು. ಅದರ ರಾಸಾಯನಿಕ ಗುಣ ಹೆಚ್ಚುಕಡಿಮೆ ಹೈಡ್ರೋಜನ್‌ನದೇ ಆಗಿರುವುದರಿಂದ ದೇಹ ಗುರುತಿನ ಅಣುವನ್ನೂ ಸಾಮಾನ್ಯ ಅಣುವನ್ನೂ ಬಹುಮಟ್ಟಿಗೆ ಒಂದೇ ರೀತಿ ನಡೆಸಿಕೊಳ್ಳುತ್ತದೆ. ತೂಕದ ವ್ಯತ್ಯಾಸವನ್ನು ಮಾತ್ರ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣ ಬೇರ್ಪಡಿಸಿ ತೋರಿಸುತ್ತದೆ. 1935ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ರುಡಾಲ್ಫ್ ಶೋನ್‌ಹೈಮರ್ ಮತ್ತು ಡೇವಿಡ್ ರಿಟನ್‌ಬರ್ಗ್ ಕೊಬ್ಬಿನ ಚಯಾಪಚಯವನ್ನು ಅರಿಯಲು ಡ್ಯುಟೀರಿಯಂ ಬಳಸಿ ಈ ಮಾರ್ಗವನ್ನು ತೆರೆದರು.

ಅಣುವಿನ ತಲೆ ಮತ್ತು ಬಾಲ

ವಿಟಮಿನ್ ಇಯನ್ನು 1922ರಲ್ಲಿ ಬರ್ಕ್ಲಿಯ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಗುರುತಿಸಿದರು. ಅದಿಲ್ಲದ ಆಹಾರ ತಿಂದ ಇಲಿಗಳಲ್ಲಿ ಗರ್ಭ ನಿಲ್ಲುತ್ತಿರಲಿಲ್ಲ. 1936ರಲ್ಲಿ ಗೋಧಿ ಮೊಳಕೆಯ ಎಣ್ಣೆಯಿಂದ ಅದನ್ನು ಶುದ್ಧವಾಗಿ ಪಡೆಯಲಾಯಿತು. 1938ರಲ್ಲಿ ಎರ್ಹಾರ್ಡ್ ಫರ್ನ್‌ಹೋಲ್ಟ್ಸ್ ಅದರ ರಚನೆಯನ್ನು ವಿವರಿಸಿದರು, ಅದೇ ವರ್ಷ ಜ್ಯೂರಿಕ್‌ನ ಪಾಲ್ ಕಾರರ್ ಅದನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದರು.

ವಿಟಮಿನ್ ಇ ಎಂಬುದು ಒಂದೇ ವಸ್ತುವಲ್ಲ. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂಬ ನಾಲ್ಕು ಟೋಕೊಫೆರಾಲ್‌ಗಳು ಮತ್ತು ನಾಲ್ಕು ಟೋಕೊಟ್ರೈಯೆನಾಲ್‌ಗಳು, ಹೀಗೆ ಎಂಟು ರೂಪಗಳಿವೆ. ಎಲ್ಲಕ್ಕೂ ಎರಡು ಭಾಗಗಳು. ಒಂದು, ಕ್ರೋಮನ್ ಎಂಬ ಜೋಡಿ ಉಂಗುರದ ತಲೆ. ಇನ್ನೊಂದು, 16 ಇಂಗಾಲದ ಪರಮಾಣುಗಳ ಉದ್ದನೆಯ ಬಾಲ. ತಲೆಯ ಮೇಲಿರುವ ಹೈಡ್ರಾಕ್ಸಿಲ್ ಗುಂಪೇ ಜೀವಕೋಶದ ಕೊಬ್ಬನ್ನು ಉತ್ಕರ್ಷಣದಿಂದ ಕಾಪಾಡುವುದು. ತಲೆಯ ಉಂಗುರಕ್ಕೆ ಎಷ್ಟು ಮೀಥೈಲ್ ಗುಂಪುಗಳು ಎಲ್ಲೆಲ್ಲಿ ಅಂಟಿವೆ ಎಂಬುದರಿಂದ ಆಲ್ಫಾದಿಂದ ಡೆಲ್ಟಾವರೆಗಿನ ರೂಪಗಳು ಬೇರೆಯಾಗುತ್ತವೆ. ಆಲ್ಫಾಕ್ಕೆ ಮೂರು, ಗಾಮಾಕ್ಕೆ ಎರಡು, ಡೆಲ್ಟಾಕ್ಕೆ ಒಂದು. ಈ ಲೆಕ್ಕ ನೆನಪಿನಲ್ಲಿದ್ದರೆ ಮುಂದಿನ ಸಂಶ್ಲೇಷಣೆಯ ದಾರಿ ಸುಲಭವಾಗಿ ತಿಳಿಯುತ್ತದೆ.

ಯಕೃತ್ತಿನಲ್ಲಿರುವ ಒಂದು ಸಾಗಣೆ ಪ್ರೋಟೀನ್ ಆಲ್ಫಾ ರೂಪವನ್ನು ಆರಿಸಿಕೊಂಡು ರಕ್ತಕ್ಕೆ ಮರಳಿಸುತ್ತದೆ. ಉಳಿದ ರೂಪಗಳೂ ಅಗತ್ಯಕ್ಕಿಂತ ಹೆಚ್ಚಾದ ಆಲ್ಫಾ ರೂಪವೂ ಒಡೆಯುತ್ತವೆ. ಒಡೆಯುವ ಕೆಲಸ ಶುರುವಾಗುವುದು ಬಾಲದ ತುದಿಯಿಂದ. ಸಿವೈಪಿ4ಎಫ್2 ಎಂಬ ಕಿಣ್ವ ಅಲ್ಲಿಗೆ ಹೈಡ್ರಾಕ್ಸಿಲ್ ಗುಂಪನ್ನು ಸೇರಿಸುತ್ತದೆ ಎಂದು 2002ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಿಮೋತಿ ಸಾಂಟಾಗ್ ಮತ್ತು ರಾಬರ್ಟ್ ಪಾರ್ಕರ್ ತೋರಿಸಿದರು. ತುದಿ ಆಮ್ಲವಾಗಿ ಮಾರ್ಪಟ್ಟಾಗ ಮೊದಲ ದೀರ್ಘ ಬಾಲದ ಉತ್ಪನ್ನ ಸಿಗುತ್ತದೆ. ಆ ಮೇಲೆ ಪ್ರತಿ ಸುತ್ತಿಗೆ ಬಾಲದ ಮುಖ್ಯ ಸರಪಳಿಯಿಂದ ಎರಡೆರಡು ಇಂಗಾಲಗಳು ಕಳಚುತ್ತವೆ. ಐದು ಸುತ್ತುಗಳು ಮುಗಿದಾಗ ತಲೆಯೂ ಮೂರು ಇಂಗಾಲದ ಮೋಟು ಬಾಲವೂ ಉಳಿಯುತ್ತವೆ. ಇದೇ ಸಿಇಎಚ್‌ಸಿ ಎಂಬ ಆಮ್ಲ. ನೀರಿನಲ್ಲಿ ಕರಗಬಲ್ಲ ಇದು ಸಲ್ಫೇಟ್ ಅಥವಾ ಗ್ಲುಕುರೋನಿಕ್ ಆಮ್ಲದೊಂದಿಗೆ ಕೂಡಿಕೊಂಡು ಮೂತ್ರದ ಮೂಲಕ ಹೊರಹೋಗುತ್ತದೆ.

ಗುರುತು ಎಲ್ಲಿರಬೇಕು?

ಇಡೀ ಕೆಲಸದ ಸಾಫಲ್ಯ ನಿಂತಿರುವುದು ಈ ಪ್ರಶ್ನೆಯ ಉತ್ತರದ ಮೇಲೆ. ಬಾಲಕ್ಕೆ ಡ್ಯುಟೀರಿಯಂ ಸೇರಿಸಿದರೆ ಬಾಲ ಕಳಚಿದಾಗ ಗುರುತೂ ಕಳೆದುಹೋಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಇಂಗಾಲ ಮತ್ತು ಡ್ಯುಟೀರಿಯಂ ನಡುವಿನ ಬಂಧ ಸಾಮಾನ್ಯ ಬಂಧಕ್ಕಿಂತ ಗಟ್ಟಿ. ಕಿಣ್ವ ಕತ್ತರಿಸುವ ಜಾಗದಲ್ಲೇ ಅದಿದ್ದರೆ ಕ್ರಿಯೆ ನಿಧಾನವಾಗಿ, ಅಳೆಯಹೊರಟ ವೇಗವೇ ಬದಲಾಗುತ್ತದೆ. ಹೈಡ್ರಾಕ್ಸಿಲ್ ಅಥವಾ ಆಮ್ಲದ ಗುಂಪಿನಲ್ಲಿರುವ ಡ್ಯುಟೀರಿಯಂ ಸುತ್ತಲಿನ ನೀರಿನ ಹೈಡ್ರೋಜನ್‌ನೊಂದಿಗೆ ಕ್ಷಣದಲ್ಲಿ ಸ್ಥಾನ ಬದಲಿಸಿಕೊಳ್ಳುತ್ತದೆ. ಉಂಗುರದ ಮೇಲಿನ ಒಂಟಿ ಡ್ಯುಟೀರಿಯಂ ಕೂಡ ಪ್ರಬಲ ಆಮ್ಲದಲ್ಲಿ ಜಾರಿಹೋಗಬಲ್ಲದು. ಇವೆಲ್ಲಕ್ಕಿಂತ ಭದ್ರವಾದ ಜಾಗ ತಲೆಯ ಮೀಥೈಲ್ ಗುಂಪು. ಬಾಲ ಎಷ್ಟೇ ಕಳಚಿದರೂ ಅದು ಹಾಗೇ ಉಳಿಯುತ್ತದೆ. ಒಂದು ಮೀಥೈಲ್‌ನ ಮೂರೂ ಹೈಡ್ರೋಜನ್‌ಗಳ ಜಾಗದಲ್ಲಿ ಡ್ಯುಟೀರಿಯಂ ಕೂತರೆ ಅಣುವಿನ ತೂಕ 3 ಏರುತ್ತದೆ, ಎರಡು ಮೀಥೈಲ್‌ಗಳಾದರೆ 6, ಮೂರಾದರೆ 9. ಇವುಗಳನ್ನು ಕ್ರಮವಾಗಿ ಡಿ-3, ಡಿ-6, ಡಿ-9 ಎಂದು ಕರೆಯುತ್ತಾರೆ.

ಕನಿಷ್ಠ ಮೂರು ಡ್ಯುಟೀರಿಯಂ ಬೇಕೆನ್ನುವುದಕ್ಕೂ ಕಾರಣವಿದೆ. ನಿಸರ್ಗದ ಇಂಗಾಲದಲ್ಲಿ ಶೇ. 1.1ರಷ್ಟು ಭಾರವಾದ ಇಂಗಾಲ-13 ಇರುತ್ತದೆ. ಆಲ್ಫಾ-ಸಿಇಎಚ್‌ಸಿಯ ಅಣುವಿನಲ್ಲಿ 16 ಇಂಗಾಲಗಳಿವೆ. ಹೀಗಾಗಿ ಯಾವ ಗುರುತೂ ಇಲ್ಲದ ಅಣುಗಳಲ್ಲೇ ಆರರಲ್ಲಿ ಒಂದರಷ್ಟು ತೂಕದಲ್ಲಿ ಒಂದು ಘಟಕ ಮುಂದಿರುತ್ತವೆ. ಒಂದೇ ಡ್ಯುಟೀರಿಯಂ ಸೇರಿಸಿದರೆ ಅದರ ಸಂಕೇತ ಈ ಸಹಜ ಸಂಕೇತದೊಳಗೆ ಬೆರೆತುಹೋಗುತ್ತದೆ. ಮೂರು ಘಟಕದ ಅಂತರವಿದ್ದರೆ ಎರಡೂ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತವೆ.

ಮೋಟು ಬಾಲದ ಉತ್ಪನ್ನ

ಸಿಇಎಚ್‌ಸಿ ತಯಾರಿಸಲು ಎರಡು ತುಂಡುಗಳನ್ನು ಬೆಸೆಯಬೇಕು. ತಲೆಗೆ ಹೈಡ್ರೋಕ್ವಿನೋನ್ ಬಳಗದ ಒಂದು ಸಂಯುಕ್ತ, ಬಾಲಕ್ಕೆ ವಿನೈಲ್ ಗುಂಪು ಹೊತ್ತ ಒಂದು ಲ್ಯಾಕ್ಟೋನ್. ಬೋರಾನ್ ಟ್ರೈಫ್ಲೋರೈಡ್‌ನಂಥ ವೇಗವರ್ಧಕ ಸೇರಿಸಿದಾಗ ಲ್ಯಾಕ್ಟೋನಿನ ಉಂಗುರ ಬಿಚ್ಚಿ ಹೈಡ್ರೋಕ್ವಿನೋನಿಗೆ ಅಂಟಿಕೊಳ್ಳುತ್ತದೆ. ಬಳಿಕ ಹೊಸ ಉಂಗುರ ಮುಚ್ಚಿಕೊಂಡು ಕ್ರೋಮನ್ ತಲೆಯೂ ತುದಿಯಲ್ಲಿ ಆಮ್ಲವಿರುವ ಮೋಟು ಬಾಲವೂ ಒಟ್ಟಿಗೇ ರೂಪುಗೊಳ್ಳುತ್ತವೆ. ಮೂರು ಮೀಥೈಲ್‌ಗಳಿರುವ ಹೈಡ್ರೋಕ್ವಿನೋನ್ ಬಳಸಿದರೆ ಆಲ್ಫಾ-ಸಿಇಎಚ್‌ಸಿ, 2 ಮತ್ತು 3ನೇ ಸ್ಥಾನಗಳಲ್ಲಿ ಮೀಥೈಲ್ ಇರುವುದನ್ನು ಬಳಸಿದರೆ ಗಾಮಾ-ಸಿಇಎಚ್‌ಸಿ ಸಿಗುತ್ತದೆ. ಒಂದೇ ಮೀಥೈಲ್ ಇರುವ ಹೈಡ್ರೋಕ್ವಿನೋನಿನಲ್ಲಿ ಬೆಸುಗೆ ಒಂದಕ್ಕಿಂತ ಹೆಚ್ಚು ಕಡೆ ಆಗಬಹುದಾದ್ದರಿಂದ ಡೆಲ್ಟಾ ರೂಪವನ್ನು ಮಿಶ್ರಣದಿಂದ ಬೇರ್ಪಡಿಸಬೇಕಾಗುತ್ತದೆ.

ಗಾಮಾ ರೂಪದ ತಲೆಯಲ್ಲಿ ಮೀಥೈಲ್ ಇಲ್ಲದ ಸ್ಥಾನ ಒಂದೇ ಒಂದು. ಅಲ್ಲಿಗೆ ಡ್ಯುಟೀರಿಯಂ ಹೊತ್ತ ಮೀಥೈಲ್ ಸೇರಿಸಿದರೆ ಡಿ-3 ಆಲ್ಫಾ ರೂಪ ಸಿದ್ಧ. ಡೆಲ್ಟಾದಲ್ಲಿ ಎರಡು ಸ್ಥಾನಗಳು ಖಾಲಿ ಇರುವುದರಿಂದ ಅದು ಡಿ-6 ಆಲ್ಫಾ ಆಗುತ್ತದೆ. ಇದಕ್ಕೆ ಒಂದು ಮಾರ್ಗ ಹೀಗಿದೆ. ಡ್ಯುಟೀರಿಯಂಯುಕ್ತ ಪ್ಯಾರಾಫಾರ್ಮಾಲ್ಡಿಹೈಡ್ ಮತ್ತು ಮಾರ್ಫೊಲಿನ್‌ನಂಥ ಅಮೀನ್ ಜೊತೆ ಕಾಯಿಸಿದಾಗ ಖಾಲಿ ಸ್ಥಾನಕ್ಕೆ ಎರಡು ಡ್ಯುಟೀರಿಯಂ ಇರುವ ಇಂಗಾಲ ಬಂದು ಕೂರುತ್ತದೆ, ಅದರ ತುದಿಯಲ್ಲಿ ಅಮೀನ್ ಇರುತ್ತದೆ. ಆ ಬಳಿಕ ಸೋಡಿಯಂ ಸಯನೋಬೋರೋಡ್ಯುಟೆರೈಡ್ ಎಂಬ ಅಪಕರ್ಷಕ ಅಮೀನನ್ನು ಕಿತ್ತು ಆ ಜಾಗಕ್ಕೆ ಮೂರನೆಯ ಡ್ಯುಟೀರಿಯಂ ಕೊಡುತ್ತದೆ. ಇಲ್ಲಿ ಸಾಮಾನ್ಯ ಹೈಡ್ರೋಜನ್ ಇರುವ ಅಪಕರ್ಷಕ ಬಳಸಿದರೆ ಮೂರರ ಬದಲು ಎರಡೇ ಡ್ಯುಟೀರಿಯಂ ಉಳಿಯುತ್ತವೆ. ಹೀಗಾಗಿ ಗುರುತಿಗೆ ಪರಮಾಣು ಕೊಡುವ ಪ್ರತಿಯೊಂದು ಸಾಮಗ್ರಿಯೂ ಡ್ಯುಟೀರಿಯಂಯುಕ್ತವಾಗಿರಬೇಕು.

ಸಾಮಗ್ರಿಯ ಶುದ್ಧತೆ ಎಷ್ಟು ಮುಖ್ಯ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಪ್ರತಿ ಸ್ಥಾನದಲ್ಲೂ ಡ್ಯುಟೀರಿಯಂ ಶೇ. 99ರಷ್ಟು ಇದ್ದರೂ ಆರೂ ಸ್ಥಾನಗಳು ಭರ್ತಿಯಾದ ಅಣುಗಳ ಪಾಲು ಶೇ. 94 ಮಾತ್ರ. ಪ್ರತಿ ಸ್ಥಾನದ ಪ್ರಮಾಣ ಶೇ. 98ಕ್ಕೆ ಇಳಿದರೆ ಈ ಪಾಲು ಶೇ. 89ರ ಆಸುಪಾಸಿಗೆ ಬರುತ್ತದೆ.

ದೀರ್ಘ ಬಾಲದ ಉತ್ಪನ್ನ

ಮೊದಲ ಹಂತದಲ್ಲೇ ಹುಟ್ಟುವ ದೀರ್ಘ ಬಾಲದ ಆಮ್ಲವನ್ನು ಬುಡದಿಂದ ಕಟ್ಟುವುದು ಪ್ರಯಾಸದ ಕೆಲಸ. ಬಾಲದ ಉದ್ದಕ್ಕೂ ಇರುವ ಕವಲುಗಳ ದಿಕ್ಕು ಸರಿಯಾಗಿರಬೇಕು. ಇಲ್ಲಿ ನಿಸರ್ಗವೇ ಅರ್ಧ ಕೆಲಸ ಮುಗಿಸಿಕೊಟ್ಟಿದೆ. ಆಫ್ರಿಕಾದ ಗಾರ್ಸೀನಿಯಾ ಕೋಲಾ ಮರದ ಬೀಜದಲ್ಲಿ ಗಾರ್ಸಿನೋಯಿಕ್ ಆಮ್ಲವಿದೆ. ಮಲೆನಾಡಿನ ಮುರುಗಲು, ಉಪ್ಪಾಗೆ ಮರಗಳೂ ಗಾರ್ಸೀನಿಯಾ ಕುಲದವೇ. ಗಾರ್ಸಿನೋಯಿಕ್ ಆಮ್ಲಕ್ಕೆ ಡೆಲ್ಟಾ ರೂಪದ ತಲೆ, ತುದಿಯಲ್ಲಿ ಆಮ್ಲವಿರುವ ಪೂರ್ಣ ಉದ್ದದ ಬಾಲ. ಬಾಲದಲ್ಲಿ ಮೂರು ದ್ವಿಬಂಧಗಳಿರುವುದೊಂದೇ ಕೊರತೆ. ಪಲ್ಲಾಡಿಯಂ ವೇಗವರ್ಧಕದೊಂದಿಗೆ ಹೈಡ್ರೋಜನ್ ಹಾಯಿಸಿದರೆ ಅವು ತುಂಬಿಕೊಳ್ಳುತ್ತವೆ. ತಲೆಯ ಎರಡು ಖಾಲಿ ಸ್ಥಾನಗಳಿಗೆ ಡ್ಯುಟೀರಿಯಂಯುಕ್ತ ಮೀಥೈಲ್ ಸೇರಿಸಿದರೆ ಡಿ-6 ಗುರುತಿನ ಆಲ್ಫಾ ಉತ್ಪನ್ನ ದೊರೆಯುತ್ತದೆ. ದ್ವಿಬಂಧ ತುಂಬುವಾಗ ಕವಲುಗಳು ಎರಡೂ ದಿಕ್ಕಿಗೆ ತಿರುಗಬಹುದಾದ್ದರಿಂದ ಸಿಗುವುದು ಮಿಶ್ರಣ. ಅಳತೆಗೆ ಅದು ಸಾಕಾಗುತ್ತದೆ, ಜೈವಿಕ ಪರಿಣಾಮ ಪರೀಕ್ಷಿಸುವಾಗ ದಿಕ್ಕಿನ ಬಗ್ಗೆ ಎಚ್ಚರ ಬೇಕು.

ಕಾಪಾಡುವುದು, ಪರೀಕ್ಷಿಸುವುದು

ಕೊಬ್ಬನ್ನು ಉತ್ಕರ್ಷಣದಿಂದ ಕಾಯುವ ಗುಣವೇ ಪ್ರಯೋಗಾಲಯದಲ್ಲಿ ಈ ಅಣುಗಳಿಗೆ ಅಪಾಯ ತರುತ್ತದೆ. ಗಾಳಿಯ ಆಮ್ಲಜನಕಕ್ಕೆ ಅವು ಬೇಗ ಬಲಿಯಾಗುತ್ತವೆ. ಆದ್ದರಿಂದ ಕ್ರಿಯೆಗಳನ್ನು ನೈಟ್ರೋಜನ್ ಅಥವಾ ಆರ್ಗಾನ್ ಅನಿಲದಡಿ ನಡೆಸುತ್ತಾರೆ, ಉತ್ಪನ್ನವನ್ನು ಕಂದು ಗಾಜಿನ ಸೀಸೆಯಲ್ಲಿ ಕೊರೆಯುವ ತಂಪಿನಲ್ಲಿ ಇಡುತ್ತಾರೆ. ಈ ಎಚ್ಚರ ಎಷ್ಟು ಅಗತ್ಯ ಎಂಬುದಕ್ಕೆ ಇತಿಹಾಸದಲ್ಲೇ ಪಾಠವಿದೆ. 1956ರಲ್ಲಿ ಸೈಮನ್ ಮತ್ತು ಸಂಗಡಿಗರು ವಿಕಿರಣಶೀಲ ಇಂಗಾಲದ ಗುರುತು ಬಳಸಿ ಟೋಕೊಫೆರೋನಿಕ್ ಆಮ್ಲ ಮತ್ತು ಅದರ ಲ್ಯಾಕ್ಟೋನನ್ನು ಮೂತ್ರದಲ್ಲಿ ಕಂಡರು. ದಶಕಗಳ ಕಾಲ ಅವನ್ನೇ ವಿಟಮಿನ್ ಇಯ ಮುಖ್ಯ ಉತ್ಪನ್ನಗಳೆಂದು ನಂಬಲಾಗಿತ್ತು. ಮಾದರಿಯನ್ನು ಸಂಸ್ಕರಿಸುವಾಗ ಸಿಇಎಚ್‌ಸಿ ಉತ್ಕರ್ಷಣಗೊಂಡರೂ ಅದೇ ಲ್ಯಾಕ್ಟೋನ್ ಹುಟ್ಟುತ್ತದೆ ಎಂಬುದು 1990ರ ದಶಕದಲ್ಲಿ ಮನದಟ್ಟಾಯಿತು.

ಸಿಲಿಕಾ ಕಂಬದಲ್ಲಿ ಶುದ್ಧಗೊಳಿಸಿದ ಉತ್ಪನ್ನವನ್ನು ಎರಡು ಬಗೆಯಲ್ಲಿ ಪರೀಕ್ಷಿಸುತ್ತಾರೆ. ಎನ್‌ಎಂಆರ್ ಉಪಕರಣದಲ್ಲಿ ಗುರುತು ಹಾಕಿದ ಮೀಥೈಲ್‌ನ ಹೈಡ್ರೋಜನ್ ಸಂಕೇತ ಮಾಯವಾಗಿರಬೇಕು, ಉಳಿದವು ಹಾಗೇ ಇರಬೇಕು. ಇದರಿಂದ ಡ್ಯುಟೀರಿಯಂ ಸರಿಯಾದ ಜಾಗದಲ್ಲೇ ಕೂತಿದೆ ಎಂದು ಖಚಿತವಾಗುತ್ತದೆ. ಎಷ್ಟು ಕೂತಿದೆ ಎಂಬುದನ್ನು ಹೇಳುವುದು ಮಾಸ್ ಸ್ಪೆಕ್ಟ್ರೋಮೀಟರ್. ಸಾಮಾನ್ಯ ಆಲ್ಫಾ-ಸಿಇಎಚ್‌ಸಿಯ ಋಣ ಅಯಾನು 277ರ ತೂಕದಲ್ಲಿ ಕಂಡರೆ ಡಿ-3 ರೂಪ 280ರಲ್ಲಿ, ಡಿ-6 ರೂಪ 283ರಲ್ಲಿ, ಡಿ-9 ರೂಪ 286ರಲ್ಲಿ ಕಾಣುತ್ತದೆ.

ಬಳಕೆ ಮತ್ತು ಫಲ

ಗುರುತಿನ ಉತ್ಪನ್ನಗಳ ಮೊದಲ ಬಳಕೆ ಅಳತೆಗೋಲಾಗಿ. ಮೂತ್ರ ಅಥವಾ ರಕ್ತದ ಮಾದರಿಗೆ ಮೊದಲೇ ಗೊತ್ತಿರುವ ಪ್ರಮಾಣದ ಡಿ-9 ಸಿಇಎಚ್‌ಸಿ ಸೇರಿಸುತ್ತಾರೆ. ಸಂಸ್ಕರಣೆಯಲ್ಲಿ ಸಹಜ ಸಿಇಎಚ್‌ಸಿ ಎಷ್ಟು ಪಾಲು ನಷ್ಟವಾಗುತ್ತದೋ ಸೇರಿಸಿದ್ದೂ ಅಷ್ಟೇ ಪಾಲು ನಷ್ಟವಾಗುತ್ತದೆ. ಕೊನೆಯಲ್ಲಿ ಎರಡರ ಅನುಪಾತ ನೋಡಿದರೆ ಮೂಲ ಪ್ರಮಾಣ ನಿಖರವಾಗಿ ತಿಳಿಯುತ್ತದೆ. ಸ್ವಯಂಸೇವಕರಿಗೆ ಡಿ-3 ಮತ್ತು ಡಿ-6 ವಿಟಮಿನ್ ಕೊಟ್ಟಿದ್ದರೆ, ಅಳತೆಗೋಲು ಅವೆರಡರಿಂದಲೂ ಬೇರೆಯಾದ ತೂಕದ್ದಾಗಿರಬೇಕು. ಡಿ-9 ರೂಪದ ಮಹತ್ವ ಅದೇ.

ಗುರುತಿನ ಟೋಕೊಫೆರಾಲ್‌ಗಳ ತಯಾರಿಕೆಯನ್ನು 1980ರ ದಶಕದಲ್ಲಿ ಕೆನಡಾದ ಒಟ್ಟಾವಾದಲ್ಲಿ ಕೀತ್ ಇಂಗೋಲ್ಡ್ ಮತ್ತು ಗ್ರಹಾಂ ಬರ್ಟನ್ ಬೆಳೆಸಿದರು. ಸಹಜ ವಿಟಮಿನ್‌ಗೆ ಡಿ-3, ಕೃತಕ ವಿಟಮಿನ್‌ಗೆ ಡಿ-6 ಗುರುತು ಹಾಕಿ ಎರಡನ್ನೂ ಒಟ್ಟಿಗೇ ಕೊಟ್ಟ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಸಹಜ ರೂಪ ರಕ್ತದಲ್ಲಿ ಸುಮಾರು ಎರಡು ಪಟ್ಟು ಹೆಚ್ಚು ಉಳಿದಿತ್ತು. ಕೃತಕ ರೂಪ ಎಂಟು ಬಗೆಯ ಜೋಡಣೆಗಳ ಮಿಶ್ರಣ, ಯಕೃತ್ತು ಅವೆಲ್ಲವನ್ನೂ ಸಮಾನವಾಗಿ ಆರಿಸಿಕೊಳ್ಳುವುದಿಲ್ಲ. ಆರಿಸದೆ ಉಳಿದದ್ದು ಎಲ್ಲಿ ಹೋಯಿತು ಎಂಬುದಕ್ಕೂ ಅದೇ ವರ್ಷ ಉತ್ತರ ಸಿಕ್ಕಿತು. ಮರೆಟ್ ಟ್ರೇಬರ್ ಮತ್ತು ಸಂಗಡಿಗರು ಮೂತ್ರ ಪರೀಕ್ಷಿಸಿದಾಗ ಕೃತಕ ರೂಪವೇ ಹೆಚ್ಚಾಗಿ ಸಿಇಎಚ್‌ಸಿಯಾಗಿ ಹೊರಬರುತ್ತಿತ್ತು. ಧೂಮಪಾನ ಮಾಡುವವರ ರಕ್ತದಿಂದ ವಿಟಮಿನ್ ಇ ಬೇಗ ಕಡಿಮೆಯಾಗುತ್ತದೆ ಎಂಬುದನ್ನೂ ಇದೇ ವಿಧಾನ ತೋರಿಸಿತು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತ ಮಹಿಳೆಯರಿಗೆ ಒಂದು ಗುರುತಿನ ವಿಟಮಿನ್ನನ್ನು ಬಾಯಿಯ ಮೂಲಕ, ಇನ್ನೊಂದನ್ನು ರಕ್ತನಾಳದ ಮೂಲಕ ಕೊಟ್ಟು, ಕರುಳು ಹೀರಿಕೊಂಡ ಪಾಲನ್ನು ನೇರವಾಗಿ ಲೆಕ್ಕಹಾಕಲಾಯಿತು.

ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ವಯಸ್ಕರಿಗೆ ದಿನಕ್ಕೆ 15 ಮಿಲಿಗ್ರಾಂ ವಿಟಮಿನ್ ಇ ಬೇಕೆಂದು ನಿಗದಿಯಾಯಿತು. ಇಂಥ ಶಿಫಾರಸುಗಳನ್ನು ಗಟ್ಟಿಯಾದ ಆಧಾರದ ಮೇಲೆ ನಿಲ್ಲಿಸಲು, ಎಷ್ಟು ಹೀರಲ್ಪಟ್ಟಿತು, ಎಷ್ಟು ಉಳಿಯಿತು, ಎಷ್ಟು ಒಡೆದು ಹೊರಹೋಯಿತು ಎಂಬ ಮೂರೂ ಲೆಕ್ಕಗಳು ಬೇಕು. ದೀರ್ಘ ಬಾಲದ ಉತ್ಪನ್ನಗಳು ಉರಿಯೂತಕ್ಕೆ ಕಾರಣವಾಗುವ ಕೆಲವು ಕಿಣ್ವಗಳನ್ನು ತಡೆಯುತ್ತವೆ ಎಂದು ಜೀವಕೋಶಗಳ ಮೇಲಿನ ಪ್ರಯೋಗಗಳು ತೋರಿಸಿರುವುದರಿಂದ ಅವುಗಳನ್ನು ರಕ್ತದಲ್ಲಿ ನಿಖರವಾಗಿ ಅಳೆಯುವ ಅಗತ್ಯವೂ ಹೆಚ್ಚಿದೆ. ಆ ಅಳತೆಗೆ ಬೇಕಾದ ಪ್ರತಿಯೊಂದು ಉತ್ಪನ್ನವನ್ನೂ ತಲೆಯಲ್ಲಿ ಭದ್ರವಾದ ಗುರುತಿನೊಂದಿಗೆ ರಸಾಯನಶಾಲೆಯಲ್ಲೇ ತಯಾರಿಸಿಕೊಳ್ಳಬೇಕು.