ವಾನರಗಳನ್ನು ಕಾಣಬೇಕಾದರೆ

ತುಂಗಭದ್ರೆಯ ದಂಡೆಯ ಹಂಪೆ ಆನೆಗೊಂದಿಗಳ ಬೆಟ್ಟಸಾಲೇ ವಾಲಿ ಸುಗ್ರೀವರ ಕಿಷ್ಕಿಂಧೆಯೆಂದು ನಮ್ಮ ಹಿರಿಯರು ನಂಬಿಕೊಂಡು ಬಂದಿದ್ದಾರೆ. ಅದಕ್ಕೆ ತೆಂಕಣ ನೆರೆಯಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಜನರಿಗೆ ಕೋತಿಯು ಅಪರೂಪದ ಪ್ರಾಣಿಯಲ್ಲ. ಬೆಟ್ಟದ ಗುಡಿಗೆ ಹೋದರೆ ಕೈಯಲ್ಲಿಯ ಬಾಳೆಹಣ್ಣನ್ನು ಕಸಿದುಕೊಳ್ಳುವುದೂ ಅದೇ. ಕಣದಲ್ಲಿ ಶೇಂಗಾ ಹರಡಿದರೆ ಮೊದಲು ರುಚಿ ನೋಡುವುದೂ ಅದೇ. ಹೀಗಿರಲು, ವಾನರಗಳನ್ನು ನೋಡಲು ಎಲ್ಲಿಗೆ ಹೋಗಬೇಕೆಂದು ವಿಚಾರಮಾಡುವುದು ವಿಚಿತ್ರವಾಗಿ ತೋರಬಹುದು. ಆದರೆ ನಮ್ಮ ಕೈಯ ತಿಂಡಿಗೆ ಕಾದು ಕುಳಿತ ಕೋತಿಯನ್ನು ನೋಡುವುದು ಬೇರೆ. ತನ್ನ ಮರದಲ್ಲಿ ತನ್ನ ಪಾಡಿಗೆ ಬಾಳುವ ಕೋತಿಯನ್ನು ನೋಡುವುದು ಬೇರೆ. ಈ ಎರಡರ ಅಂತರವನ್ನು ತಿಳಿಯಲು ಮೊದಲು ಆಫ್ರಿಕಾ ಖಂಡದವರೆಗೆ ಒಮ್ಮೆ ಹೋಗಿಬರೋಣ.

ವಾನರಜಾತಿಯಲ್ಲಿ ಮನುಷ್ಯನಿಗೆ ಅತ್ಯಂತ ಹತ್ತಿರದ ನಂಟನಾದ ಚಿಂಪಾಂಜಿಯು ಆಫ್ರಿಕಾದಲ್ಲಿ ಮಾತ್ರ ಕಾಡುಪ್ರಾಣಿಯಾಗಿ ಉಂಟು. ಅದಕ್ಕೆ ಬಾಲವಿಲ್ಲ. ಅದನ್ನು ಕಾಣಬಯಸುವವರು ಟಾಂಜಾನಿಯಾ ದೇಶದಲ್ಲಿ ಟಾಂಗನೀಕಾ ಸರೋವರದ ದಡದ ಗೊಂಬೆ ಮತ್ತು ಮಹಾಲೆ ಅರಣ್ಯಗಳಿಗೆ, ಇಲ್ಲವೆ ಉಗಾಂಡಾದ ಕಿಬಾಲೆ ಮತ್ತು ಬುಡೊಂಗೊ ಕಾಡುಗಳಿಗೆ ಹೋಗುತ್ತಾರೆ. ಕಿಬಾಲೆಯಲ್ಲಿ ಚಿಂಪಾಂಜಿಯಲ್ಲದೆ ಕೆಂಪು ಕೊಲೊಬಸ್, ಕಪ್ಪು ಬಿಳುಪಿನ ಕೊಲೊಬಸ್, ಬಬೂನ್ ಮೊದಲಾದ ಹಲವು ಬಗೆಯ ಕೋತಿಗಳನ್ನು ಒಂದೇ ಕಾಡಿನಲ್ಲಿ ಕಾಣಬಹುದು.

ಅಷ್ಟು ದೊಡ್ಡ ಕಾಡಿನಲ್ಲಿ ಅವುಗಳನ್ನು ಹುಡುಕುವುದು ಹೇಗೆ? ಚಿಂಪಾಂಜಿಯು ಪ್ರತಿ ಸಂಜೆ ಮರದ ಮೇಲೆ ಕೊಂಬೆಗಳನ್ನು ಬಾಗಿಸಿ ಹೊಸದೊಂದು ಹಾಸಿಗೆಯನ್ನು ಕಟ್ಟಿಕೊಂಡು ಮಲಗುತ್ತದೆ. ದಾರಿ ತೋರುವವರು ಹಿಂದಿನ ದಿನ ಆ ಹಾಸಿಗೆಯನ್ನು ಗುರುತಿಟ್ಟುಕೊಂಡು ಬೆಳಗಾಗುವುದರೊಳಗೆ ಅಲ್ಲಿರುತ್ತಾರೆ. ಯಾವ ಅತ್ತಿಯ ಜಾತಿಯ ಮರ ಹಣ್ಣಾಗಿದೆಯೆಂಬುದನ್ನೂ ಅವರು ಬಲ್ಲರು. ಹಣ್ಣಿದ್ದಲ್ಲಿಗೆ ಚಿಂಪಾಂಜಿ ಬಂದೇ ಬರುವುದಷ್ಟೆ. ನೋಡಬಂದವರಿಗೆ ಕಟ್ಟುಪಾಡುಗಳುಂಟು: ಒಂದು ಗಂಟೆಗಿಂತ ಹೆಚ್ಚು ನಿಲ್ಲಕೂಡದು, ಸುಮಾರು 10 ಮೀಟರು ದೂರದಲ್ಲಿರಬೇಕು, ನೆಗಡಿ ಕೆಮ್ಮು ಇರುವವರು ಹೋಗಕೂಡದು, ತಿನ್ನಲು ಏನನ್ನೂ ಕೊಡಕೂಡದು.

ಈ ಕಟ್ಟುಪಾಡುಗಳು ಅನುಭವದಿಂದ ಬಂದವು. 1960ರಲ್ಲಿ ಜೇನ್ ಗುಡಾಲ್ ಎಂಬಾಕೆ ಗೊಂಬೆಗೆ ಹೋಗಿ, ಚಿಂಪಾಂಜಿಯು ಹುಲ್ಲುಕಡ್ಡಿಯನ್ನು ಹುತ್ತದೊಳಕ್ಕೆ ತೂರಿಸಿ ಗೆದ್ದಲನ್ನು ಹಿಡಿದು ತಿನ್ನುವುದನ್ನು ಕಂಡು ಲೋಕಕ್ಕೆ ತಿಳಿಸಿದರು. ಹತ್ತಿರದಿಂದ ನೋಡುವ ಆಸೆಯಿಂದ ಕೆಲವು ಕಾಲದ ಮೇಲೆ ಅಲ್ಲಿ ಬಾಳೆಹಣ್ಣು ಹಾಕತೊಡಗಿದರು. ಪ್ರಾಣಿಗಳು ಗುಂಪುಗೂಡಿದವು, ಅದರೊಡನೆ ಜಗಳಗಳೂ ಹೆಚ್ಚಿದವು. 1966ರಲ್ಲಿ, ಸುತ್ತಣ ಜನರಲ್ಲಿ ಪೋಲಿಯೋ ಹಬ್ಬಿದ್ದಾಗ, ಅದು ಚಿಂಪಾಂಜಿಗಳಿಗೂ ತಗುಲಿ ಕೆಲವು ಸತ್ತುವು, ಕೆಲವು ಕೈಕಾಲು ಕಳೆದುಕೊಂಡಂತಾದುವು. ಹಣ್ಣು ಹಾಕುವುದನ್ನು ಕ್ರಮವಾಗಿ ತಗ್ಗಿಸಿ ಕೊನೆಗೆ ನಿಲ್ಲಿಸಿದರು. ಕರೆದು ಉಣಿಸಿದ ಪ್ರೀತಿಯೇ ಕೇಡಿಗೆ ಕಾರಣವಾಗಬಹುದೆಂಬ ಈ ಪಾಠ ನಮ್ಮ ಗುಡಿಬೆಟ್ಟಗಳಿಗೂ ಸಲ್ಲತಕ್ಕದ್ದು.

ಇನ್ನು ನಮ್ಮ ಸೀಮೆಗೆ ಮರಳೋಣ. ಇಲ್ಲಿ ಕಾಣುವುವು ಮುಖ್ಯವಾಗಿ ಎರಡು. ನೆತ್ತಿಯ ಕೂದಲು ಸುಳಿಯಾಗಿ ಹರಡಿ ಟೋಪಿಯಿಟ್ಟಂತೆ ತೋರುವ ಕೆಂಚು ಕೋತಿಯೊಂದು. ಕರಿಮುಖದ, ಉದ್ದಬಾಲದ ಮುಸುವ ಮತ್ತೊಂದು. ಮುಸುವದ ಹೊಟ್ಟೆಯು ಎಲೆಯನ್ನು ಅರಗಿಸಿಕೊಳ್ಳಲು ತಕ್ಕಂತೆ ಹಲವು ಕೋಶಗಳಾಗಿ ರಚಿತವಾಗಿದೆ. ಬಿಸ್ಕತ್ತು ಮಂಡಕ್ಕಿಗಳು ಅದರ ಆಹಾರವಲ್ಲ. ಕೋತಿಗಾದರೋ ಕೆನ್ನೆಯೊಳಗೆ ಚೀಲವುಂಟು. ಸಿಕ್ಕಿದ್ದನ್ನು ಅದರಲ್ಲಿ ತುಂಬಿಕೊಂಡು ಓಡಿ, ಆಮೇಲೆ ನಿಧಾನವಾಗಿ ಅಗಿಯುವುದು. ಹಂಪೆಯ ಬಂಡೆಗಳ ನಡುವೆ ಇವೆರಡನ್ನೂ ನೋಡಬಹುದು. ಆಚೆಯ ಬಗೆಗಳನ್ನು ನೋಡಬೇಕೆಂದರೆ ದೂರ ಹೋಗಬೇಕು. ಮುಖದ ಸುತ್ತ ಬಿಳಿಯ ಕೇಸರವುಳ್ಳ ಸಿಂಗಳೀಕವು ಪಶ್ಚಿಮ ಘಟ್ಟದ ಮಳೆಗಾಡಿನದು. ಶರಾವತಿ ಮತ್ತು ಅಘನಾಶಿನಿ ಕಣಿವೆಗಳಲ್ಲಿ ಉಂಟು. ಇರುಳಿನಲ್ಲಿ ಮಾತ್ರ ಓಡಾಡುವ ಪುಟ್ಟ ಕಾಡುಪಾಪವನ್ನು ತುಮಕೂರು ಜಿಲ್ಲೆಯ ಕುರುಚಲು ಕಾಡುಗಳಲ್ಲಿ ಅದರ ಹೊಳೆಯುವ ಕಣ್ಣುಗಳಿಂದ ಗುರುತಿಸುತ್ತಾರೆ.

ಕೋತಿ ಎಲ್ಲೆಡೆಯೂ ಇದೆಯೆಂದು ನಾವು ತಿಳಿದಿರುವುದು ಈಗ ಪೂರ್ತಿ ನಿಜವಲ್ಲ. ಟೋಪಿಯ ಕೋತಿ ಭರತಖಂಡದ ದಕ್ಷಿಣ ಭಾಗವನ್ನು ಬಿಟ್ಟರೆ ಲೋಕದ ಬೇರೆಲ್ಲಿಯೂ ಸಹಜವಾಗಿ ಇಲ್ಲ. ಮೈಸೂರಿನ ಸುತ್ತಣ ರಸ್ತೆಗಳಲ್ಲಿ ಪ್ರಾಣಿಶಾಸ್ತ್ರಜ್ಞರು ವರ್ಷಗಳ ಅಂತರದಲ್ಲಿ ಎಣಿಕೆ ಮಾಡಿ ನೋಡಿದಾಗ, ಸುಮಾರು 25 ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೋತಿಗಳು ಇಲ್ಲವಾಗಿದ್ದುವು. ರಸ್ತೆಯನ್ನು ಅಗಲಮಾಡುವಾಗ ಸಾಲುಮರಗಳಾದ ಆಲ, ಅರಳಿ, ಬಸರಿಗಳು ಉರುಳಿದ್ದು ಇದಕ್ಕೊಂದು ಮುಖ್ಯ ಕಾರಣ. ಈ ಮರಗಳೂ ಆಫ್ರಿಕಾದ ಆ ಹಣ್ಣಿನ ಮರಗಳೂ ಒಂದೇ ಕುಲಕ್ಕೆ ಸೇರಿದವು. ಉಣ್ಣುವ ಮರ ಹೋದ ಮೇಲೆ ಕೋತಿಯು ಹೋಗುವುದೆಲ್ಲಿಗೆ? ಶೇಂಗಾದ ಹೊಲಕ್ಕೆ, ಮೆಕ್ಕೆಜೋಳದ ತೆನೆಗೆ, ಮನೆಯ ಹೆಂಚಿನ ಮೇಲಕ್ಕೆ. ಬೆಳೆ ಕಳೆದುಕೊಂಡ ರೈತನ ಸಂಕಟವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಸಾಲ ಮಾಡಿ ಬಿತ್ತಿದವನಿಗೆ ಪ್ರಾಣಿದಯೆಯನ್ನು ಬೋಧಿಸುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಆದರೆ ಒಂದೂರಿನ ಕೋತಿಗಳನ್ನು ಹಿಡಿಸಿ ಮತ್ತೊಂದೂರಿನ ಗುಡ್ಡದಲ್ಲಿ ಬಿಟ್ಟುಬಂದರೆ ಕಷ್ಟವು ಊರು ಬದಲಿಸಿತೇ ಹೊರತು ತೀರಲಿಲ್ಲ. ಗುಡಿಯಲ್ಲಿ ಹಣ್ಣು ಕೊಟ್ಟು ಅಂಜಿಕೆ ಬಿಡಿಸುವವರು ನಾವೇ. ಅಂಜಿಕೆ ಬಿಟ್ಟ ಕೋತಿ ಹೊಲಕ್ಕೆ ಬಂದಾಗ ಕಲ್ಲೆಸೆಯುವವರೂ ನಾವೇ.

ಆದಕಾರಣ ವಾನರಗಳನ್ನು ನೋಡಬಯಸುವವರಿಗೆ ನಮ್ಮ ಮಾತಿಷ್ಟೆ: ಮೊದಲು ಮರವನ್ನು ನೋಡಿರಿ. ನಿಮ್ಮ ಊರಿನ ಕೆರೆಯ ಏರಿಯ ಮೇಲೋ ಗುಡ್ಡದ ಬುಡದಲ್ಲಿಯೋ ಹಳೆಯ ಆಲವೊಂದು ಉಳಿದಿದ್ದರೆ, ಅದು ಹಣ್ಣು ಬಿಟ್ಟ ಕಾಲದಲ್ಲಿ ಮುಂಜಾನೆಯ ತಂಪಿನಲ್ಲಿ ಹೋಗಿ, ದೂರದಲ್ಲಿ, ಬರಿಗೈಯಲ್ಲಿ, ಸುಮ್ಮನೆ ಕುಳಿತುಕೊಳ್ಳಿರಿ. ತಾಯಿಯ ಹೊಟ್ಟೆಗೆ ಮರಿ ಅವಚಿಕೊಂಡಿರುವುದನ್ನೂ, ಒಂದು ಮತ್ತೊಂದರ ಮೈಯ ಕೂದಲನ್ನು ಬಿಡಿಸಿ ಹೇನು ಹುಡುಕುವುದನ್ನೂ, ಹಿರಿಯ ಗಂಡಿಗೆ ಕಿರಿಯದು ದಾರಿ ಬಿಡುವುದನ್ನೂ ಕಾಣುವಿರಿ. ಅಂಥ ಮರ ಊರಿನಲ್ಲಿ ಇಲ್ಲವಾದರೆ ಒಂದನ್ನು ನೆಡಿರಿ. ಅದರ ನೆರಳು ನಮಗೆ, ಹಣ್ಣು ಅವಕ್ಕೆ; ಹೊಲದ ತೆನೆ ರೈತನಿಗೇ ಉಳಿಯುವ ದಾರಿಗೂ ಅದೇ ಮೊದಲ ಹೆಜ್ಜೆ.